ಪ್ಲಾನ್ ಬಿಟ್ಟ ಮೇಲೆ ಚಿತ್ರ ಯಾಕೆ ಕೆಸರಾಯಿತು?

ಪ್ರಶ್ನೆ: ನಾನು ಚಿತ್ರಕಲೆ ಓದುತ್ತಿದ್ದೇನೆ, ಇದು ಮೂರನೇ ವರ್ಷ. ಕಳೆದ ತಿಂಗಳು ನಮ್ಮ ಕಾಲೇಜಿಗೆ ಒಬ್ಬ ಸಿನಿಮಾ ನಿರ್ದೇಶಕರು ಬಂದು ನಾಲ್ಕು ದಿನ ಇದ್ದರು. ಅವರು ಸ್ಕ್ರಿಪ್ಟ್ ಬರೆಯುವುದಿಲ್ಲವಂತೆ. ಒಂದು ಜಾಗಕ್ಕೆ ಹೋಗಿ ಸುಮ್ನೆ ಕೂರುತ್ತಾರಂತೆ, ಏನೋ ಕರೆದಂತೆ ಅನ್ನಿಸಿದಾಗ ಕ್ಯಾಮೆರಾ ಆನ್ ಮಾಡುತ್ತಾರಂತೆ. ನಾನು ಗ್ರಿಡ್ ಹಾಕಿ, ಫೋಟೋ ಇಟ್ಟುಕೊಂಡು, ಬಣ್ಣವನ್ನೂ ಮೊದಲೇ ನಿರ್ಧರಿಸಿ ಕೆಲಸ ಮಾಡುವವಳು. ಅವರ ಮಾತು ಕೇಳಿ ನನ್ನೊಳಗೆ ಏನೋ ಬಿಚ್ಚಿಕೊಂಡಂತಾಯಿತು. ಅವರು ಹೋದ ಮೇಲೆ ಮೂರು ದೊಡ್ಡ ಕ್ಯಾನ್ವಾಸ್‌ಗಳನ್ನು ಪ್ಲಾನ್ ಇಲ್ಲದೆ ಶುರು ಮಾಡಿದೆ. ಮೊದಲ ಒಂದು ಗಂಟೆ ಹಾರಾಡಿದ ಹಾಗಿತ್ತು. ಆಮೇಲೆ ಮೂರೂ ಕೆಸರಾದವು. ಗೈಡ್ ‘ಕಾನ್ಸೆಪ್ಟ್ ನೋಟ್ ಎಲ್ಲಿ?’ ಅಂತ ಕೇಳುತ್ತಿದ್ದಾರೆ. ಈ ಒಳಅರಿವು ಹುಟ್ಟಿನಿಂದಲೇ ಬರುವುದಾ, ಕಲಿಯಬಹುದಾ? ಆ ನಿರ್ದೇಶಕರಿಗೆ ಪತ್ರ ಬರೆಯಬೇಕು ಅನ್ನಿಸುತ್ತೆ, ಏನು ಕೇಳಬೇಕು ಅಂತ ತೋಚುತ್ತಿಲ್ಲ.

ಉತ್ತರ: ಮೊದಲು ಆ ಹಾರಾಟದ ಒಂದು ಗಂಟೆಯ ವಿಷಯ ಹೇಳಿಬಿಡುತ್ತೇನೆ. ಮೂರು ವರ್ಷ ಗ್ರಿಡ್ ಚೌಕದೊಳಗೇ ಓಡಾಡಿದ ಕೈ ಒಂದು ಗಂಟೆ ಯಾರನ್ನೂ ಕೇಳದೆ ಓಡಾಡಿದೆ. ಅದು ಸಣ್ಣ ವಿಷಯ ಅಲ್ಲ. ಕ್ಯಾನ್ವಾಸ್ ಕೆಟ್ಟಿತು ಅಂತ ಆ ಗಂಟೆಯನ್ನೂ ಅದರ ಜೊತೆ ಎಸೆಯಬೇಡಿ. ಕೆಟ್ಟದ್ದು ಎರಡನೇ ಗಂಟೆಯಲ್ಲಿ. ಯಾಕೆ ಕೆಟ್ಟಿತು ಅನ್ನುವುದಕ್ಕೂ ನಿಮ್ಮ ಪ್ರತಿಭೆಗೂ ಸಂಬಂಧವೇ ಇಲ್ಲ.

ನಿಮ್ಮ ಕಾಲೇಜಿಗೆ ಬಂದವರು ನಿಜವನ್ನೇ ಹೇಳಿದ್ದಾರೆ. ಆದರೆ ಅರ್ಧ ಹೇಳಿದ್ದಾರೆ. ಉಳಿದರ್ಧ ನಡೆಯುವುದು ಎಡಿಟಿಂಗ್ ರೂಮಿನ ಕತ್ತಲಲ್ಲಿ. ನಾನು ಈಗ ಡ್ರಾಯಿಂಗ್ ಕಲಿಸುತ್ತೇನೆ. ಅದಕ್ಕೆ ಮೊದಲು ಎಂಟು ವರ್ಷ ಡಾಕ್ಯುಮೆಂಟರಿಗಳನ್ನು ಎಡಿಟ್ ಮಾಡುತ್ತಿದ್ದೆ. ಸ್ಕ್ರಿಪ್ಟ್ ಇಲ್ಲದೆ ಕೆಲಸ ಮಾಡುವ ನಿರ್ದೇಶಕರು ಎಡಿಟಿಂಗ್‌ಗೆ ಬರುವಾಗ ಏನು ಹೊತ್ತು ತರುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ಒಂದು ಗಂಟೆಯ ಸಿನಿಮಾಕ್ಕೆ ಅರವತ್ತು, ಎಪ್ಪತ್ತು ಗಂಟೆಯ ಫೂಟೇಜ್. ‘ಏನೋ ಕರೆದ ಹಾಗಾಯಿತು’ ಅನ್ನುವುದು ಚಿತ್ರೀಕರಣದ ದಿನ ನಲವತ್ತು ಸಲ ಆಗುತ್ತೆ. ಅದರಲ್ಲಿ ಮೂವತ್ತಾರು ಸಲ ಅಲ್ಲಿ ಏನೂ ಇರುವುದಿಲ್ಲ. ಅವನ್ನು ನಾವು ಕೂತು ತೆಗೆದುಹಾಕುತ್ತೇವೆ. ವೇದಿಕೆ ಮೇಲೆ ನಿಂತು ಮಾತಾಡುವಾಗ ನಿರ್ದೇಶಕರಿಗೆ ನೆನಪಾಗುವುದು ಉಳಿದ ನಾಲ್ಕು. ಅವರು ಮುಚ್ಚಿಡುತ್ತಿಲ್ಲ. ಮೂವತ್ತಾರು ನಿಜವಾಗಿಯೂ ಮರೆತುಹೋಗಿರುತ್ತವೆ.

ದೊಡ್ಡವರ ಕಥೆಯೂ ಇದೇ. 1979ರ ‘ಅಪೊಕಲಿಪ್ಸ್ ನೌ’ ಸಿನಿಮಾಕ್ಕೆ ಸುಮಾರು 230 ಗಂಟೆಯ ಫಿಲ್ಮ್ ಚಿತ್ರೀಕರಿಸಿದ್ದರು. ತೆರೆಗೆ ಬಂದದ್ದು ಎರಡೂವರೆ ಗಂಟೆಗಿಂತ ಕಡಿಮೆ. ಅಂದರೆ ಉಳಿದ ಒಂದು ನಿಮಿಷಕ್ಕೆ ತೊಂಬತ್ತಕ್ಕೂ ಹೆಚ್ಚು ನಿಮಿಷ ಪಕ್ಕಕ್ಕೆ ಹೋಯಿತು. ಹಾಂಕಾಂಗ್‌ನ ವಾಂಗ್ ಕಾರ್‌ವಾಯ್ 2000ದಲ್ಲಿ ಬಂದ ‘ಇನ್ ದ ಮೂಡ್ ಫಾರ್ ಲವ್’ ಅನ್ನು ಪೂರ್ತಿ ಸ್ಕ್ರಿಪ್ಟ್ ಇಲ್ಲದೆ ಹದಿನೈದು ತಿಂಗಳು ಚಿತ್ರೀಕರಿಸಿದರು. ತೆಗೆದ ಎಷ್ಟೋ ದೃಶ್ಯಗಳು ಸಿನಿಮಾದಲ್ಲಿ ಇಲ್ಲ. ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿ ತಮ್ಮ ‘ಮಿರರ್’ ಸಿನಿಮಾವನ್ನು ಇಪ್ಪತ್ತಕ್ಕೂ ಹೆಚ್ಚು ಬಗೆಯಲ್ಲಿ ಜೋಡಿಸಿ ನೋಡಿದ ಮೇಲೆ ಅದು ಒಂದು ಸಿನಿಮಾ ಆಗಿ ನಿಂತಿತು.

ಈಗ ನಿಮ್ಮ ಕ್ಯಾನ್ವಾಸ್‌ಗೆ ಬನ್ನಿ. ಸಿನಿಮಾದವರು ಮೂವತ್ತಾರನೇ ಶಾಟ್ ಚಿತ್ರೀಕರಿಸಿದರೆ ಮೂವತ್ತೈದನೆಯದಕ್ಕೆ ಏನೂ ಆಗುವುದಿಲ್ಲ. ಅದು ಪಕ್ಕದಲ್ಲಿ ಹಾಗೇ ಇರುತ್ತೆ. ನಿಮ್ಮ ಮೂವತ್ತಾರನೇ ಬ್ರಷ್ ಗುರುತು ಮೂವತ್ತೈದನೆಯದರ ಮೇಲೇ ಕೂರುತ್ತೆ. ಚಿತ್ರೀಕರಣವೂ ಎಡಿಟಿಂಗೂ ಒಂದೇ ಬಟ್ಟೆಯ ಮೇಲೆ, ಒಂದೇ ಹೊತ್ತಿನಲ್ಲಿ ನಡೆಯುತ್ತಿದೆ. ‘ಕೆಸರು’ ಅಂದಿರಲ್ಲ, ಆ ಮಾತು ಅಕ್ಷರಶಃ ನಿಜ. ಹಸಿ ಬಣ್ಣದ ಮೇಲೆ ಹಸಿ ಬಣ್ಣ ಬಿದ್ದಾಗ ಎರಡೂ ಬೆರೆಯುತ್ತವೆ. ಪ್ರತಿ ಬಣ್ಣವೂ ಬೆಳಕಿನ ಒಂದು ಪಾಲನ್ನು ನುಂಗುತ್ತೆ. ಕೆಂಪಿನ ಮೇಲೆ ಹಸಿರು, ನೀಲಿಯ ಮೇಲೆ ಕಿತ್ತಳೆ ಅಂತ ಹೋಗುತ್ತಾ ಇದ್ದರೆ ನುಂಗುವುದೇ ಜಾಸ್ತಿಯಾಗಿ ಕಣ್ಣಿಗೆ ಬೂದುಗಂದು ಮಾತ್ರ ಉಳಿಯುತ್ತೆ. ನೀವು ತೊಂಬತ್ತು ನಿಮಿಷದ ಫೂಟೇಜನ್ನು ಒಂದು ನಿಮಿಷದ ಜಾಗದಲ್ಲಿ ಒಂದರ ಮೇಲೊಂದು ಸುರಿದಿದ್ದೀರಿ. ಯಾವ ನಿರ್ದೇಶಕರು ಮಾಡಿದರೂ ಅದು ಕೆಸರೇ ಆಗುತ್ತೆ.

ಅವರ ಹತ್ತಿರ ಎಡಿಟಿಂಗ್ ಟೇಬಲ್ ಇದೆ. ನಿಮ್ಮ ಹತ್ತಿರ ಇಲ್ಲ. ನೀವು ಅವರಿಂದ ಕಲಿಯಬೇಕಾದದ್ದು ಇದನ್ನು ಅಂತ ನನಗೆ ಬಲವಾಗಿ ಅನ್ನಿಸುತ್ತೆ.

ಹುಟ್ಟಿನಿಂದ ಬರುವುದಾ ಅಂತ ಕೇಳಿದ್ದೀರಿ. ಒಂದು ಘಟನೆ ಹೇಳುತ್ತೇನೆ. ಒಬ್ಬ ನಿರ್ದೇಶಕಿ ಒಬ್ಬ ವಯಸ್ಸಾದ ದರ್ಜಿ ಹೆಂಗಸಿನ ಸಂದರ್ಶನ ತೆಗೆಯಲು ಹೋಗಿದ್ದರು. ಲೈಟ್ ಸರಿಮಾಡುತ್ತಿದ್ದಾಗ ಆ ದರ್ಜಿ ಸೂಜಿಗೆ ದಾರ ಪೋಣಿಸಲು ಕೂತರು. ನಿರ್ದೇಶಕಿ ಕ್ಯಾಮೆರಾದವರ ಭುಜ ತಟ್ಟಿದರು, ಅಷ್ಟೇ. ಶಾಟ್ ಒಂದೂವರೆ ನಿಮಿಷ ಇತ್ತು. ದಾರದ ತುದಿಯನ್ನು ನಾಲಿಗೆಗೆ ತಾಗಿಸುತ್ತಾರೆ, ಸೂಜಿಯನ್ನು ಬೆಳಕಿಗೆ ಹಿಡಿಯುತ್ತಾರೆ. ತಪ್ಪುತ್ತೆ. ಇನ್ನೊಮ್ಮೆ. ತಪ್ಪುತ್ತೆ. ನಾಲ್ಕನೇ ಸಲ ಹೋಗುತ್ತೆ. ನಾನು ದಾರ ತೂರಿದ ಕ್ಷಣಕ್ಕೆ ಕತ್ತರಿಸಿದೆ. ಕೆಲಸ ಆಯಿತಲ್ಲ, ಮುಂದಿನ ಶಾಟ್‌ಗೆ ಹೋಗಬಹುದು ಅಂತ. ನೋಡಿದವರೆಲ್ಲ ಚೆನ್ನಾಗಿದೆ ಅಂದರು. ಆದರೆ ನಿರ್ದೇಶಕಿ ‘ಇನ್ನೂ ಬಂದಿಲ್ಲ’ ಅಂದರು. ಏನು ಬಂದಿಲ್ಲ ಅಂತ ಅವರಿಗೂ ಹೇಳಲು ಗೊತ್ತಿರಲಿಲ್ಲ.

ಮೂರು ದಿನ ಆ ಶಾಟನ್ನು ಮುಟ್ಟಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಮತ್ತೆ ಹಾಕಿದೆ. ಆಗ ಕಂಡಿತು. ದಾರ ತೂರಿದ ಮೇಲೆ ಆಕೆಯ ಹುಬ್ಬು ಸಡಿಲವಾಗುತ್ತೆ. ಒಂದೂವರೆ ನಿಮಿಷ ಗಂಟು ಹಾಕಿಕೊಂಡಿದ್ದ ಹುಬ್ಬು ಮೆಲ್ಲಗೆ ಕೆಳಗಿಳಿಯುತ್ತೆ. ಕತ್ತರಿಯನ್ನು ಹನ್ನೊಂದು ಫ್ರೇಮ್ ಮುಂದಕ್ಕೆ ಸರಿಸಿದೆ. ಅರ್ಧ ಸೆಕೆಂಡೂ ಇಲ್ಲ. ನಿರ್ದೇಶಕಿ ಬಂದು ನೋಡಿ ಏನೂ ಮಾತಾಡದೆ ಮುಂದಿನ ಶಾಟ್‌ಗೆ ಹೋಗಿ ಅಂತ ಕೈ ಆಡಿಸಿದರು.

ಭುಜ ತಟ್ಟಿದ್ದು ಒಳಅರಿವು, ಒಪ್ಪುತ್ತೇನೆ. ಆದರೆ ‘ಇನ್ನೂ ಬಂದಿಲ್ಲ’ ಅಂದದ್ದೂ ಒಳಅರಿವೇ. ನನಗೆ ಆ ಎರಡನೆಯದೇ ಹೆಚ್ಚು ಬೆಲೆಯದು. ಅದು ಅವರಿಗೆ ಹುಟ್ಟಿನಿಂದ ಬಂದಿರಲಿಲ್ಲ. ಸಾವಿರಾರು ಗಂಟೆ ಜನರ ಮುಖ ನೋಡಿ ನೋಡಿ ಬಂದಿತ್ತು.

ಎಡಿಟರ್ ವಾಲ್ಟರ್ ಮರ್ಚ್ ನಿಂತುಕೊಂಡೇ ಕೆಲಸ ಮಾಡುತ್ತಾರೆ. ಅವರು ತಮ್ಮ ಒಂದು ಅಭ್ಯಾಸದ ಬಗ್ಗೆ ಬರೆದಿದ್ದಾರೆ. ಶಾಟ್ ಓಡುತ್ತಿರುವಾಗ ‘ಇಲ್ಲಿ ಸಾಕು’ ಅನ್ನಿಸಿದ ಕಡೆ ಬಟನ್ ಒತ್ತಿ ನಿಲ್ಲಿಸುತ್ತಾರೆ. ಫ್ರೇಮ್ ನಂಬರ್ ಗುರುತು ಹಾಕಿಕೊಳ್ಳುತ್ತಾರೆ. ಮತ್ತೆ ಹಿಂದಕ್ಕೆ ಹೋಗಿ, ಆ ನಂಬರ್ ನೋಡದೆ, ಇನ್ನೊಮ್ಮೆ ಓಡಿಸಿ ಒತ್ತುತ್ತಾರೆ. ಒಂದು ಸೆಕೆಂಡಿಗೆ 24 ಫ್ರೇಮ್. ಎರಡು ಸಲವೂ ಅದೇ ಫ್ರೇಮ್‌ಗೆ ಕೈ ನಿಂತರೆ ಅಲ್ಲಿ ಕತ್ತರಿಸುತ್ತಾರೆ. ನಿಲ್ಲದಿದ್ದರೆ ಆ ಶಾಟ್ ತಮಗೆ ಇನ್ನೂ ಅರ್ಥವಾಗಿಲ್ಲ ಅಂತ ತಿಳಿದು ಮತ್ತೆ ಯೋಚಿಸುತ್ತಾರೆ. ಇದು ನನಗೆ ತುಂಬಾ ಇಷ್ಟ. ಒಳಗಿನ ಮಾತನ್ನು ಅವರು ನಂಬುತ್ತಾರೆ, ಆದರೆ ಎರಡು ಸಲ ಕೇಳುತ್ತಾರೆ.

ನಮ್ಮ ಭಾಷೆಯಲ್ಲಿ ಎರಡು ಮಾತಿವೆ. ‘ತೋಚಿದ್ದು ಗೀಚಿದೆ’ ಅನ್ನುತ್ತೇವೆ. ‘ನನಗೆ ಹೊಳೆಯಿತು’ ಅಂತಲೂ ಅನ್ನುತ್ತೇವೆ. ಎರಡರಲ್ಲೂ ಪ್ಲಾನ್ ಇಲ್ಲ. ಆದರೆ ಎರಡೂ ಒಂದೇ ಅಂತ ಯಾರೂ ಅನ್ನುವುದಿಲ್ಲ, ಅಲ್ವಾ? ಗೀಚಲು ಕೈ ಇದ್ದರೆ ಸಾಕು. ಹೊಳೆಯಬೇಕಾದರೆ ಒಳಗೆ ಮೊದಲೇ ಏನೋ ಶೇಖರವಾಗಿರಬೇಕು.

ಇದನ್ನು ಚೆಸ್ ಆಟಗಾರರ ಮೇಲೆ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಅನ್ನುವ ಸಂಶೋಧಕರು ಆಟಗಾರರಿಗೆ ಐದು ಸೆಕೆಂಡು ಮಾತ್ರ ಬೋರ್ಡ್ ತೋರಿಸಿ, ಕಾಯಿಗಳನ್ನು ನೆನಪಿನಿಂದ ಜೋಡಿಸಲು ಹೇಳಿದರು. ನಿಜವಾದ ಆಟದ ಬೋರ್ಡ್ ಆಗಿದ್ದರೆ ಪಳಗಿದ ಆಟಗಾರ ಹೊಸಬನಿಗಿಂತ ಎಷ್ಟೋ ಹೆಚ್ಚು ಕಾಯಿಗಳನ್ನು ಸರಿಯಾಗಿ ಇಡುತ್ತಿದ್ದ. ಕಾಯಿಗಳನ್ನು ಸುಮ್ನೆ ಅಡ್ಡಾದಿಡ್ಡಿ ಹರಡಿದ್ದರೆ ಅವನಿಗೂ ಹೊಸಬನಿಗೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ನೆನಪಿನ ಶಕ್ತಿ ಇಬ್ಬರಿಗೂ ಒಂದೇ. ಪಳಗಿದವನು ಆ ಜೋಡಣೆಗಳನ್ನು ಮೊದಲೇ ನೋಡಿದ್ದಾನೆ, ಕಂಡ ತಕ್ಷಣ ಗುರುತು ಹಿಡಿಯುತ್ತಾನೆ. ಸೈಮನ್ ಮುಂದೆ ಒಳಅರಿವು ಅಂದರೇನೇ ಗುರುತು ಹಿಡಿಯುವುದು ಅಂತ ಬರೆದರು. ಕಲೆಯಲ್ಲಿ ಅದು ಅಷ್ಟೇ ಅಂತ ನಾನು ಒಪ್ಪುವುದಿಲ್ಲ. ಆದರೆ ಕಲಿಯಬಹುದಾ ಅನ್ನುವ ನಿಮ್ಮ ಪ್ರಶ್ನೆಗೆ ಅಷ್ಟು ಸಾಕು. ಹೌದು, ಕಲಿಯಬಹುದು. ನೋಡಿದ್ದು, ಮಾಡಿದ್ದು, ಮಾಡಿದ್ದನ್ನು ಮತ್ತೆ ನೋಡಿದ್ದು, ಎಲ್ಲ ಸೇರಿ ಕೈ ಕುದುರುತ್ತೆ. ನಿಮ್ಮ ಮೂರು ವರ್ಷದ ಗ್ರಿಡ್ ಕೆಲಸವೂ ಆ ಶೇಖರದಲ್ಲಿದೆ. ಅದನ್ನು ಕೀಳಾಗಿ ನೋಡಬೇಡಿ. ಸತ್ಯಜಿತ್ ರೇ ಶಾಂತಿನಿಕೇತನದಲ್ಲಿ ಚಿತ್ರಕಲೆ ಕಲಿತವರು. ‘ಪಥೇರ್ ಪಾಂಚಾಲಿ’ಗೆ ಅವರ ಹತ್ತಿರ ಪೂರ್ತಿ ಸ್ಕ್ರಿಪ್ಟ್ ಇರಲಿಲ್ಲ, ಅವರೇ ಬರೆದ ಚಿತ್ರಗಳು ಮತ್ತು ಟಿಪ್ಪಣಿಗಳಿದ್ದವು. ಅದನ್ನು ಪ್ಲಾನ್ ಅನ್ನಬೇಕೋ ಒಳಅರಿವು ಅನ್ನಬೇಕೋ? ನನಗಂತೂ ಬೇರೆ ಮಾಡಲು ಆಗುವುದಿಲ್ಲ.

ಇನ್ನು ನಿಮ್ಮ ಕಡೆಯವರ ಕಥೆ. 1946ರಲ್ಲಿ ಫ್ರಾಂಸ್ವಾ ಕಾಂಪೋ ಅನ್ನುವ ನಿರ್ದೇಶಕ ಚಿತ್ರಕಾರ ಮತೀಸ್ ಕೆಲಸ ಮಾಡುವುದನ್ನು ಚಿತ್ರೀಕರಿಸಿದರು. ನಿಮ್ಮಲ್ಲಿಗೆ ಸಿನಿಮಾದವರು ಬಂದ ಹಾಗೆ ಅವರಲ್ಲಿಗೂ ಒಬ್ಬರು ಬಂದರು ಅನ್ನಿ. ಆಗ ಮತೀಸ್‌ಗೆ ಎಪ್ಪತ್ತು ದಾಟಿತ್ತು. ಅವರ ಗೆರೆ ಎಷ್ಟು ಸಲೀಸು ಅಂತ ಎಲ್ಲರಿಗೂ ಗೊತ್ತು, ಒಂದೇ ಉಸಿರಿನಲ್ಲಿ ಎಳೆದ ಹಾಗೆ. ಅದೇ ಕೈಯನ್ನು ಸ್ಲೋ ಮೋಷನ್‌ನಲ್ಲಿ ತೋರಿಸಿದಾಗ ಬೇರೆಯೇ ಕಂಡಿತು. ಕಾಗದ ಮುಟ್ಟುವ ಮೊದಲು ಕೈ ಗಾಳಿಯಲ್ಲಿ ತಡೆದು ನಿಲ್ಲುತ್ತೆ. ಆ ಕಡೆ ಹೋಗಲಾ, ಈ ಕಡೆ ಹೋಗಲಾ ಅನ್ನುವ ಹಾಗೆ ತೂಗಾಡುತ್ತೆ. ಆಮೇಲೆ ಇಳಿಯುತ್ತೆ. ಅದನ್ನು ನೋಡಿ ಮತೀಸ್ ಸ್ವತಃ ಕಂಗಾಲಾದರು. ತನ್ನನ್ನು ಬೆತ್ತಲೆ ನಿಲ್ಲಿಸಿದಂತಾಯಿತು ಅಂದರು. ತತ್ವಜ್ಞಾನಿ ಮೆರ್ಲೋ ಪಾಂಟಿ ಇದರ ಬಗ್ಗೆಯೇ ಬರೆದಿದ್ದಾರೆ. ನನಗೆ ಇದರಲ್ಲಿ ಕಾಣುವುದು ಇಷ್ಟು: ಆ ಸಲೀಸು ಗೆರೆಯೊಳಗೂ ಆಯ್ಕೆ ಇತ್ತು. ಕಣ್ಣಿಗೆ ಕಾಣದಷ್ಟು ಬೇಗ ನಡೆದುಹೋಗುತ್ತಿತ್ತು.

ಅದೇ ಮತೀಸ್ 1935ರಲ್ಲಿ ಮಲಗಿರುವ ಹೆಣ್ಣಿನ ಒಂದು ದೊಡ್ಡ ಚಿತ್ರ ಮಾಡಿದರು. ಗುಲಾಬಿ ಮೈ, ಹಿಂದೆ ನೀಲಿ ಚೌಕಗಳು. ಅದು ಈಗ ಬಾಲ್ಟಿಮೋರ್ ಮ್ಯೂಸಿಯಂನಲ್ಲಿದೆ. ಅದನ್ನು ಮಾಡುವಾಗ ಹಂತ ಹಂತವಾಗಿ ಫೋಟೋ ತೆಗೆಸುತ್ತಿದ್ದರು. ಒಟ್ಟು 22 ಫೋಟೋ ಇವೆ. ಒಂದಾದ ಮೇಲೆ ಒಂದು ನೋಡಿದರೆ ಕಾಲು ಸರಿಯುತ್ತೆ, ತಲೆ ಚಿಕ್ಕದಾಗುತ್ತೆ, ಹಿಂದಿನ ಕುರ್ಚಿ ಮಾಯವಾಗುತ್ತೆ. ಬಣ್ಣ ಬಳಿಯುವ ಮೊದಲು ಕತ್ತರಿಸಿದ ಬಣ್ಣದ ಕಾಗದವನ್ನು ಕ್ಯಾನ್ವಾಸ್ ಮೇಲೆ ಪಿನ್ ಮಾಡಿ ನೋಡುತ್ತಿದ್ದರು. ಬೇಡ ಅನ್ನಿಸಿದರೆ ಕಿತ್ತು ಬೇರೆ ಕಡೆ ಚುಚ್ಚುತ್ತಿದ್ದರು. ಅವರು ತಮಗಾಗಿ ಎಡಿಟಿಂಗ್ ಟೇಬಲ್ ಮಾಡಿಕೊಂಡಿದ್ದರು.

ನೀವೂ ಮಾಡಿಕೊಳ್ಳಿ. ಫೋನ್ ಇದ್ದೇ ಇದೆ. ಬಣ್ಣ ಹಚ್ಚುವಾಗ ಹತ್ತು ನಿಮಿಷಕ್ಕೊಮ್ಮೆ, ಕೈ ನಿಂತಾಗೆಲ್ಲ, ಒಂದೇ ಜಾಗದಿಂದ ಒಂದು ಫೋಟೋ. ಆಗ ನೋಡಬೇಡಿ. ಮಾರನೇ ದಿನ ಎಲ್ಲವನ್ನೂ ಸಾಲಾಗಿ ನೋಡಿ. ಈಗ ಕೆಟ್ಟಿವೆ ಅನ್ನುತ್ತೀರಲ್ಲ, ಆ ಕ್ಯಾನ್ವಾಸ್‌ಗಳ ಫೋಟೋ ಇದ್ದಿದ್ದರೆ ಏಳನೆಯದೋ ಒಂಬತ್ತನೆಯದೋ ಚೆನ್ನಾಗಿತ್ತು ಅಂತ ನಿಮಗೇ ಕಾಣುತ್ತಿತ್ತು ಅಂತ ನನ್ನ ಅಂದಾಜು. ಹೊಳೆದದ್ದು ಬಂದಿತ್ತು. ನಿಮಗೆ ಗುರುತು ಸಿಗಲಿಲ್ಲ, ಅದರ ಮೇಲೇ ಬಳಿದಿರಿ.

ಇನ್ನೊಂದು, ದೊಡ್ಡ ಕ್ಯಾನ್ವಾಸ್ ಸದ್ಯಕ್ಕೆ ಬೇಡ. ಅಂಗೈಯಗಲದ ಕಾಗದ ತಗೊಳ್ಳಿ, ಮೂವತ್ತೋ ನಲವತ್ತೋ. ಒಂದಕ್ಕೆ ಐದು ನಿಮಿಷ. ಮುಗಿದ ತಕ್ಷಣ ಪಕ್ಕಕ್ಕೆ ಇಡಿ, ಸರಿಪಡಿಸಲು ಹೋಗಬೇಡಿ. ಇದು ನಿಮ್ಮ ಫೂಟೇಜ್. ಒಂದು ವಾರ ಆದ ಮೇಲೆ ಎಲ್ಲವನ್ನೂ ಗೋಡೆಗೆ ಅಂಟಿಸಿ. ದೂರ ನಿಂತು ಕಣ್ಣು ಹೋದ ಕಡೆ ಹೋಗಲು ಬಿಡಿ, ಕಣ್ಣು ನಿಂತ ಐದನ್ನು ಗುರುತು ಮಾಡಿ. ಎರಡು ದಿನ ಬಿಟ್ಟು, ಆ ಗುರುತು ನೋಡದೆ, ಇನ್ನೊಮ್ಮೆ ಐದು ಆರಿಸಿ. ಎರಡು ಸಲವೂ ಬಂದವು ಯಾವುವು? ಮರ್ಚ್ ಬಟನ್ ಒತ್ತುವ ಹಾಗೇ ಇದು. ನನ್ನ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಎರಡೋ ಮೂರೋ ಉಳಿಯುತ್ತವೆ. ಅವು ಎಷ್ಟೋ ಸಲ ಅವರು ಚೆನ್ನಾಗಿಲ್ಲ ಅಂದುಕೊಂಡಿದ್ದವೇ ಆಗಿರುತ್ತವೆ. ದೊಡ್ಡ ಕ್ಯಾನ್ವಾಸ್‌ಗೆ ಅಲ್ಲಿಂದ ಹೊರಡಿ.

ಬೇಲಿಯೂ ಬೇಕು. ನಿಮ್ಮ ನಿರ್ದೇಶಕರು ಸ್ಕ್ರಿಪ್ಟ್ ಇಲ್ಲದೆ ಹೋಗುತ್ತಾರೆ, ನಿಜ. ಆದರೆ ‘ಒಂದು ಜಾಗಕ್ಕೆ’ ಹೋಗುತ್ತಾರೆ ಅಂತ ನೀವೇ ಬರೆದಿದ್ದೀರಿ. ಆ ಒಂದು ಜಾಗವೇ ಅವರ ಬೇಲಿ. ಮಲಯಾಳಂ ನಿರ್ದೇಶಕ ಜಿ. ಅರವಿಂದನ್ ಅವರನ್ನು ನೋಡಿ. ಅವರು ‘ಮಾತೃಭೂಮಿ’ ವಾರಪತ್ರಿಕೆಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಾರ್ಟೂನ್ ಬರೆದು ಆಮೇಲೆ ಸಿನಿಮಾಕ್ಕೆ ಬಂದವರು. 1978ರ ಅವರ ಒಂದು ಕಪ್ಪುಬಿಳುಪು ಸಿನಿಮಾಕ್ಕೆ ಬರೆದಿಟ್ಟ ಸ್ಕ್ರಿಪ್ಟ್ ಇರಲಿಲ್ಲ. ನದಿ ದಂಡೆಯ ಒಂದು ಊರಿಗೆ ಒಂದು ಸರ್ಕಸ್ ತಂಡ ಬಂದು ಡೇರೆ ಹಾಕುತ್ತೆ, ಅಷ್ಟೇ. ಸರ್ಕಸ್ ನೋಡಲು ಬಂದ ಊರವರ ಮುಖಗಳನ್ನು ಕ್ಯಾಮೆರಾ ಹಿಡಿಯಿತು. ಬೆರಗು, ಭಯ, ಬಾಯಿ ತೆರೆದ ನಗು. ಯಾವುದನ್ನೂ ಮೊದಲೇ ಬರೆದಿಡಲು ಆಗುತ್ತಿರಲಿಲ್ಲ. ಆದರೆ ಒಂದು ಊರು, ಒಂದು ತಂಡ, ಒಂದು ಡೇರೆ ಅನ್ನುವುದು ಗಟ್ಟಿ ಇತ್ತು. ನೀವು ಎಲ್ಲ ಬಣ್ಣ, ಎಲ್ಲ ಬ್ರಷ್, ಖಾಲಿ ದೊಡ್ಡ ಬಟ್ಟೆ ಇಟ್ಟುಕೊಂಡು ಕೂತಿರಿ. ಅಷ್ಟು ಬಯಲಿನಲ್ಲಿ ಯಾರಿಗೂ ಏನೂ ಹೊಳೆಯುವುದಿಲ್ಲ. ಎರಡು ಬಣ್ಣ, ಒಂದು ಬ್ರಷ್, ಒಂದೇ ಕಿಟಕಿ. ಅಷ್ಟರಲ್ಲೇ ಇದ್ದು ನೋಡಿ.

ಆಕಸ್ಮಿಕವನ್ನೇ ಒಳಅರಿವು ಅಂದುಕೊಳ್ಳುವ ತಪ್ಪೂ ಆಗುತ್ತೆ. ಬಣ್ಣ ಸೋರಿತು, ಚೆನ್ನಾಗಿ ಕಾಣುತ್ತೆ, ಹಾಗೇ ಬಿಟ್ಟೆ ಅನ್ನುವವರು ತುಂಬಾ ಜನ. ಫ್ರಾನ್ಸಿನ ನಿರ್ದೇಶಕಿ ಆನ್ಯೆಸ್ ವಾರ್ದಾ 2000ದಲ್ಲಿ ತಮ್ಮ ಎಪ್ಪತ್ತೆರಡನೇ ವಯಸ್ಸಿನಲ್ಲಿ ಪುಟ್ಟ ಡಿಜಿಟಲ್ ಕ್ಯಾಮೆರಾ ಹಿಡಿದು ಒಂದು ಸಿನಿಮಾ ಮಾಡಿದರು. ಕೊಯ್ಲಾದ ಹೊಲದಲ್ಲಿ ಬಿಟ್ಟದ್ದನ್ನು ಆಯುವ ಜನರ ಬಗ್ಗೆ ಅದು. ಒಮ್ಮೆ ಕ್ಯಾಮೆರಾ ಆಫ್ ಮಾಡುವುದನ್ನು ಮರೆತು ಹಾಗೇ ನಡೆದುಬಿಟ್ಟರು. ದಾರದಲ್ಲಿ ನೇತಾಡುತ್ತಿದ್ದ ಲೆನ್ಸ್ ಕ್ಯಾಪ್ ನೆಲದ ಎದುರು ಕುಣಿಯುತ್ತಾ ರೆಕಾರ್ಡ್ ಆಯಿತು. ಮರೆತದ್ದು ಆಕಸ್ಮಿಕ. ಅದನ್ನು ಎಡಿಟಿಂಗ್‌ನಲ್ಲಿ ಕಂಡು, ಎಸೆಯದೆ, ಅದಕ್ಕೆ ಜಾಜ್ ಸಂಗೀತ ಸೇರಿಸಿ, ಲೆನ್ಸ್ ಕ್ಯಾಪ್‌ನ ಕುಣಿತ ಅಂತ ಸಿನಿಮಾದೊಳಗೇ ಇಟ್ಟರಲ್ಲ, ಒಳಅರಿವು ಇರುವುದು ಅಲ್ಲಿ. ಬೇರೆಯವರು ಎಸೆದದ್ದನ್ನು ಆಯುವವರ ಸಿನಿಮಾದಲ್ಲಿ ತಾನೇ ಎಸೆಯಬೇಕಿದ್ದ ಶಾಟನ್ನು ಆಯ್ದುಕೊಂಡರು. ಬೇರೆ ಸಿನಿಮಾದಲ್ಲಾಗಿದ್ದರೆ ಆ ಶಾಟ್ ಕಸವೇ.

ಕಾನ್ಸೆಪ್ಟ್ ನೋಟ್ ವಿಷಯದಲ್ಲಿ ಗೈಡ್ ಜೊತೆ ಜಗಳ ಬೇಡ. ಅವರು ಕೇಳುವುದರಲ್ಲಿ ತಪ್ಪಿಲ್ಲ. ಏನು ಮಾಡುತ್ತೇನೆ ಅಂತ ಬರೆಯಲು ಆಗದಿದ್ದರೆ ಬೇಲಿಯನ್ನು ಬರೆಯಿರಿ. ‘ಈ ಕಿಟಕಿ, ಈ ಎರಡು ಬಣ್ಣ, ನಲವತ್ತು ಕಾಗದ, ಹೀಗೆ ಆರಿಸುತ್ತೇನೆ.’ ಅರ್ಧ ಪುಟ ಸಾಕು. ಗೋಡೆಯಿಂದ ಮೂರು ಉಳಿದ ಮೇಲೆ, ಅವೇ ಯಾಕೆ ಉಳಿದವು ಅನ್ನುವುದನ್ನು ಇನ್ನರ್ಧ ಪುಟ ಬರೆಯಿರಿ. ಈ ಎರಡನೇ ಅರ್ಧ ನಿಮಗೇ ಹೆಚ್ಚು ಉಪಯೋಗಕ್ಕೆ ಬರುತ್ತೆ.

ಪತ್ರ ಖಂಡಿತ ಬರೆಯಿರಿ. ನಾಲ್ಕು ದಿನ ಬಂದು ಹೋದವರಿಗೆ, ತಮ್ಮ ಮಾತು ಒಬ್ಬರ ಕೈಯನ್ನು ಬಿಚ್ಚಿತು ಅಂತ ಗೊತ್ತಾಗುವುದು ಅಪರೂಪ. ‘ನಿಮಗೆ ಐಡಿಯಾ ಹೇಗೆ ಬರುತ್ತೆ’ ಅಂತ ಮಾತ್ರ ಕೇಳಬೇಡಿ. ಅದಕ್ಕೆ ಅವರ ಹತ್ತಿರ ಹೇಳಿ ಹೇಳಿ ರೂಢಿಯಾದ ಉತ್ತರ ಇರುತ್ತೆ. ಅವರ ಯಾವುದಾದರೂ ಒಂದು ಸಿನಿಮಾದ ಹೆಸರು ಹೇಳಿ, ಅದರಲ್ಲಿ ಅವರಿಗೆ ತುಂಬಾ ಇಷ್ಟವಾಗಿದ್ದೂ ತೆಗೆದುಹಾಕಿದ ಒಂದು ಶಾಟ್ ಯಾವುದು ಅಂತ ಕೇಳಿ. ಎಷ್ಟು ದಿನ ಅದನ್ನು ಹಿಡಿದುಕೊಂಡಿದ್ದರು, ಕೊನೆಗೆ ಯಾವತ್ತು, ಏನು ನೋಡಿ ಕೈಬಿಟ್ಟರು ಅಂತ ಕೇಳಿ. ಸಾಧ್ಯವಾದರೆ ಆ ಶಾಟನ್ನು ಕಳಿಸಲು ಹೇಳಿ. ಅವರು ಕಳಿಸಿದರೆ ಅದನ್ನೂ ಸಿನಿಮಾವನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದು ಸಂಜೆ ಪೂರ್ತಿ ನೋಡಿ.